ಸಹಾಯ ಬೇಕು: ನ್ಯೂಯಾರ್ಕ್‌ನಲ್ಲಿ ಎಸ್ಕ್ರೋ ದುಡ್ಡಿಗೆ ಬಡ್ಡಿ ಸಿಕ್ಕವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್ ರಾಜ್ಯದಲ್ಲಿ ಮನೆ ಸಾಲ ಕಟ್ಟುತ್ತಿರುವವರು ದಯವಿಟ್ಟು ಓದಿ.

ನಮ್ಮ ಬ್ಯಾಂಕ್ ತಿಂಗಳ ಕಂತಿನ ಜೊತೆಗೇ ಆಸ್ತಿ ತೆರಿಗೆ ಮತ್ತು ಮನೆ ವಿಮೆಯ ದುಡ್ಡನ್ನೂ ತಗೊಂಡು ಎಸ್ಕ್ರೋ ಖಾತೆಯಲ್ಲಿ ಇಡುತ್ತದೆ. ಇದಕ್ಕೆ ವರ್ಷಕ್ಕೆ ಕನಿಷ್ಠ ಶೇ. 2 ಬಡ್ಡಿ ಕೊಡಬೇಕು ಅಂತ ಇಲ್ಲಿನ ರಾಜ್ಯ ಕಾನೂನು ಹೇಳುತ್ತದೆ. ನಮಗೆ ಒಂದು ಡಾಲರ್ ಕೂಡ ಬಂದಿಲ್ಲ. ಕೇಳಿದರೆ, ‘ನಮ್ಮದು ರಾಷ್ಟ್ರೀಯ ಬ್ಯಾಂಕ್, ನಮಗೆ ಫೆಡರಲ್ ಕಾನೂನು ಮಾತ್ರ’ ಎಂಬ ಎರಡು ಸಾಲಿನ ಉತ್ತರ ಬಂತು. (ರಾಷ್ಟ್ರೀಯ ಬ್ಯಾಂಕ್ ಅಂದರೆ ರಾಜ್ಯದಿಂದಲ್ಲ, ಫೆಡರಲ್ ಅಂದರೆ ಕೇಂದ್ರ ಸರ್ಕಾರದಿಂದ ಪರವಾನಗಿ ಪಡೆದ ಬ್ಯಾಂಕ್.)

ಆದರೆ ಅದು ಅಷ್ಟು ಸುಲಭವಾಗಿ ತಳ್ಳಿಹಾಕುವ ವಿಷಯ ಅಲ್ಲ ಅಲ್ವಾ? 2024ರ ಮೇ ತಿಂಗಳಲ್ಲಿ ಕ್ಯಾಂಟೆರೊ ಪ್ರಕರಣದಲ್ಲಿ (ಮನೆ ಸಾಲ ಪಡೆದವರು ಬ್ಯಾಂಕ್ ಆಫ್ ಅಮೆರಿಕ ಮೇಲೆ ಹಾಕಿದ ಕೇಸು) ಅಮೆರಿಕದ ಸುಪ್ರೀಂ ಕೋರ್ಟ್ ಇದೇ ಕಾನೂನಿನ ಬಗ್ಗೆ ಒಮ್ಮತದ ತೀರ್ಪು ಕೊಟ್ಟಿತು. ರಾಜ್ಯದ ಕಾನೂನು ಬ್ಯಾಂಕಿನ ಕೆಲಸಕ್ಕೆ ನಿಜವಾಗಿ ದೊಡ್ಡ ಅಡ್ಡಿಯಾಗುತ್ತದಾ ಅಂತ ಹಳೆಯ ತೀರ್ಪುಗಳ ಜೊತೆ ಹೋಲಿಸಿ ನೋಡಿ ಎಂದು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು. ಬಡ್ಡಿ ಕೊಡಲೇಬೇಕು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ.

ರಾಷ್ಟ್ರೀಯ ಬ್ಯಾಂಕಿನಿಂದ ಯಾರಿಗಾದರೂ ಬಡ್ಡಿ ಸಿಕ್ಕಿದೆಯಾ? ದೂರನ್ನು ಸಿಎಫ್‌ಪಿಬಿಗೆ (ಬ್ಯಾಂಕ್ ಗ್ರಾಹಕರ ದೂರು ತೆಗೆದುಕೊಳ್ಳುವ ಫೆಡರಲ್ ಸಂಸ್ಥೆ) ಕೊಟ್ಟಿರಾ, ರಾಜ್ಯದ ಅಟಾರ್ನಿ ಜನರಲ್ ಕಚೇರಿಗಾ? ಪತ್ರದಲ್ಲಿ ಏನು ಬರೆದಿರಿ? ಮೊತ್ತ ಜಾಸ್ತಿ ಇಲ್ಲ, ಆದರೆ ಕಷ್ಟಪಟ್ಟು ದುಡಿದದ್ದು. ಸುಮ್ನೆ ಬಿಡಲು ಮನಸ್ಸಿಲ್ಲ.