ಶರಣಾದವರ ತಲಿ ತೆಗಸಿದ ರಾಣಿ ‘ಧರ್ಮರಾಣಿ’ ಹೆಂಗ ಆಗ್ತಾಳ್ರೀ?

ಪ್ರಶ್ನೆ (ಮುಧೋಳದಿಂದ ಒಬ್ಬ ಸದಸ್ಯ):
ವಕೀಲ ಸಾಹೇಬ್ರ, ನಮಸ್ಕಾರ್ರೀ. ನಾ ಒಂದು ಫ್ಯಾಂಟಸಿ ಕಾದಂಬರಿ ಬರಿಯಾಕತ್ತೇನಿ. ನಮ್ಮ ರಾಣಿ ಕಾಡಿನ್ಯಾಗ ಬೆಳದು, ಮಾತಾಡೋ ಹದ್ದುಗಳ ದಂಡು ಕಟ್ಟಿ, ಅಪ್ಪನ ಗಾದಿ ತಿರುಗಿ ಗೆಲ್ಲತಾಳ. ಸೋತ ಕಡಿ ನಲವತ್ತು ಸರದಾರರು ಕತ್ತಿ ಕೆಳಗಿಟ್ಟು ಶರಣಾಗ್ತಾರ. ಮರುದಿನ ಮುಂಜಾನೆ ಅಷ್ಟೂ ಮಂದೀದು ತಲಿ ತೆಗಸ್ತಾಳ. ಊರ ಮಂದಿ ‘ಧರ್ಮರಾಣಿ’ ಅಂತ ಜೈಕಾರ ಹಾಕ್ತಾರ. ಓದಿದ ನನ್ನ ತಂಗಿ “ಇಕಿ ಎದರಾಗ ಧರ್ಮರಾಣಿ?” ಅಂದ್ಲು. ಆ ಸರದಾರರು ಕೆಟ್ಟವರು ಅಂತ ಹಿಂದಿನ ಅಧ್ಯಾಯದಾಗ ಬರದೇನ್ರೀ. ಕೆಟ್ಟವರನ್ನ ಕೊಂದ್ರ ನ್ಯಾಯ ಅಲ್ಲೇನು?

ಉತ್ತರ (ಬೆಳಗಾವಿಯ ವಕೀಲರು):
ನಮಸ್ಕಾರ. ನಿಮ್ಮ ತಂಗಿ ಪರವಾಗಿ ನಾನೂ ವಕಾಲತ್ತು ಹಾಕ್ತೀನಿ.

ಆ ನಲವತ್ತು ಮಂದಿ ಮ್ಯಾಲ ಆರೋಪ ಏನ್ರೀ? ಸೋತದ್ದು ಅಪರಾಧ ಅಲ್ಲ. ಅವರು ಕೆಟ್ಟವರು ಅಂತ ಓದುಗರಿಗೆ ಗೊತ್ತೈತಿ, ಯಾಕಂದ್ರ ನೀವು ಹೇಳೀರಿ. ರಾಣಿಗೆ ಯಾರು ಹೇಳಿದ್ರು? ಹಳ್ಳಿ ಸುಟ್ಟಾವ ಒಬ್ಬ ಇರ್ತಾನ. ಧಣಿ ಉಪ್ಪು ತಿಂದೇನಿ ಅಂತ ಕತ್ತಿ ಹಿಡದಾವ ಇನ್ನೊಬ್ಬ ಇರ್ತಾನ. ಇಬ್ಬರಿಗೂ ಒಂದೇ ಮುಂಜಾನೆ ಒಂದೇ ಶಿಕ್ಷೆ ಆತು ಅಂದ್ರ ಅಲ್ಲಿ ವಿಚಾರಣೆ ನಡದೇ ಇಲ್ಲ.

ಶರಣಾದವರನ್ನ ಕೊಲ್ಲಬಾರದು ಅನ್ನೋದು ಈಗಿನ ಮಂದಿ ಕಟ್ಟಿದ ಮಾತಲ್ಲ. ಕೈ ಮುಗದಾವನ್ನ, ಆಯುಧ ಇಲ್ಲದಾವನ್ನ, ‘ನಾನು ನಿನ್ನವ’ ಅಂದಾವನ್ನ ಹೊಡಿಬಾರದು ಅಂತ ಮನುಸ್ಮೃತಿಯ ಏಳನೇ ಅಧ್ಯಾಯದಾಗೇ ಐತಿ. (ಆ ಗ್ರಂಥದ ಉಳಿದ ಮಾತಿಗೆಲ್ಲಾ ನಾ ಸಹಿ ಹಾಕೂದಿಲ್ಲ, ಅದು ಬ್ಯಾರೆ.) 1949ರ ಜಿನೀವಾ ಒಪ್ಪಂದ ಇನ್ನೂ ಮುಂದ ಹೋಗತದ. ಸರಿಯಾಗಿ ರಚನೆಯಾದ ನ್ಯಾಯಾಲಯದ ತೀರ್ಪಿಲ್ಲದ ಯಾರಿಗೂ ಮರಣದಂಡನೆ ಜಾರಿ ಮಾಡುವಂಗಿಲ್ಲ. ನಿಮ್ಮ ಹದ್ದಿನ ರಾಜ್ಯ ಅದಕ್ಕ ಸಹಿ ಹಾಕಿಲ್ಲ ಖರೆ, ಆದ್ರ ಓದೋರು ಈ ಕಾಲದವರು.

ಇನ್ನ ‘ಕೊಂದಿದ್ದಕ್ಕ ರಾಜ್ಯ ಉಳೀತು’ ಅಂತ ನೀವು ವಾದ ಹೂಡಬಹುದು. 1565ರಾಗ ರಕ್ಕಸಗಿ-ತಂಗಡಗಿ ಯುದ್ಧದಾಗ ಸೆರೆಸಿಕ್ಕ ಅಳಿಯ ರಾಮರಾಯನ ತಲಿಯನ್ನ ಅಹಮದನಗರದ ಹುಸೇನ್ ನಿಜಾಮಶಾಹ ಅಲ್ಲೇ ತೆಗಸಿದ. ಅದನ್ನ ಕಂಡು ವಿಜಯನಗರದ ದಂಡು ದಿಕ್ಕಾಪಾಲಾತು. ಯುದ್ಧದ ಲೆಕ್ಕದಾಗ ಕೆಲಸ ಆತು. ಅದನ್ನ ನ್ಯಾಯದಾನ ಅಂತ ಯಾರರ ಕರೀತಾರೇನು?

ಐಹೊಳೆಯ ಮೇಗುತಿ ಗುಡಿಯ ಶಾಸನ (ಕ್ರಿ.ಶ. 634) ಮತ್ತೊಂದು ದಾರಿ ತೋರಸ್ತದ. ಇಮ್ಮಡಿ ಪುಲಕೇಶಿ ಪಟ್ಟಕ್ಕ ಬಂದ ಹೊಸತರಾಗ ಅಪ್ಪಾಯಿಕ, ಗೋವಿಂದ ಅನ್ನೋ ಇಬ್ಬರು ಭೀಮಾ ಹೊಳಿ ಕಡಿ ಏರಿ ಬಂದ್ರು. ಒಬ್ಬ ಅಂಜಿ ಹಿಂದ ಸರದ. ಇನ್ನೊಬ್ಬ ಪುಲಕೇಶಿ ಕಡಿ ಸೇರಿ ಉಪಕಾರ ಮಾಡಿ, ಅದರ ಫಲಾನೂ ಪಡಕೊಂಡ. ಇದೂ ನ್ಯಾಯ ಅಲ್ಲ, ರಾಜಕಾರಣ. ಆದ್ರ ಶಾಣ್ಯಾ ರಾಜಕಾರಣ. ನಿಮ್ಮ ರಾಣಿ ಇಂಥಾದ್ದೊಂದು ವಿಚಾರಾನೂ ಮಾಡಲಿಲ್ಲಲ್ಲ!

ಬೈಲಹೊಂಗಲದಿಂದ ಒಬ್ಬ ಸದಸ್ಯೆ:
ಸಾಹೇಬ್ರ, ಸೆರೆಸಿಕ್ಕವರನ್ನ ಬಿಟ್ಟು ಕಳಿಸಿದ ನಮ್ಮ ಕಿತ್ತೂರ ರಾಣಿ ಚನ್ನಮ್ಮಗ ಏನು ಸಿಕ್ಕಿತು? ಮೋಸಾನ ಅಲ್ಲೇನ್ರೀ?

ಉತ್ತರ:
ಅಕ್ಕಾರ, ಒಳ್ಳೇ ಕಡಿ ಹಿಡದ್ರಿ. 1824ರ ಅಕ್ಟೋಬರ್ 23ಕ್ಕ ಬ್ರಿಟಿಷ್ ಕಂಪನಿಯ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಮುಂದ ಸತ್ತು ಬಿದ್ದ. ಎಲಿಯಟ್, ಸ್ಟೀವನ್ಸನ್ ಅನ್ನೋ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಚನ್ನಮ್ಮ ಅವರನ್ನ ಕೊಲ್ಲಿಸಲಿಲ್ಲ. ಕಂಪನಿಯ ಕಮಿಷನರ್ ಚಾಪ್ಲಿನ್ ಕೊಟ್ಟ ಮಾತು ನಂಬಿ ಬಿಟ್ಟಳು. ಡಿಸೆಂಬರಿನ್ಯಾಗ ದೊಡ್ಡ ದಂಡು ಬಂತು, ಕೋಟಿ ಬಿತ್ತು. 1829ರಾಗ ನಿಮ್ಮೂರಾಗ ಸೆರಿಯಾಗೇ ತೀರಿಕೊಂಡಳು. ಆದ್ರ ಮಾತು ಮುರದವರ ಪಾಪ ಮಾತು ನಂಬಿದಾಕಿ ಖಾತೆಗೆ ಹಚ್ಚಬ್ಯಾಡ್ರಿ. ಆ ಇಬ್ಬರನ್ನ ಕೊಂದಿದ್ರ ಕಿತ್ತೂರು ಉಳೀತಿತ್ತು ಅಂತೀರೇನು? ನನಗ ಹಂಗ ಅನಸೂದಿಲ್ಲ.

ರಾಯಣ್ಣನ್ನೂ ನೆನಸ್ರಿ. ಕಂಪನಿ ಸರಕಾರ ಮರಣದಂಡನೆ ವಿಧಿಸಿ 1831ರ ಜನವರಿ 26ಕ್ಕ ನಂದಗಡದಾಗ ನೇಣಿಗೆ ಹಾಕಿತು. ಶಿಕ್ಷೆ ಕೊಟ್ಟಾವನೂ ಅವನ ಕೂಡ ಬಡದಾಡಿದಾವನೂ ಒಂದೇ ಸರಕಾರ. ಗೆದ್ದವನ ಕಣ್ಣಿಗೆ ಅದು ಕಾಯ್ದೆ, ನಮ್ಮ ಕಣ್ಣಿಗೆ ಅನ್ಯಾಯ. ಅದಕ್ಕ ಕಾದಂಬರಿಕಾರರಿಗೆ ಹೇಳ್ತೀನಿ: ದರ್ಬಾರಿನ್ಯಾಗ ಒಂದು ವಿಚಾರಣೆಯ ಸೀನ್ ತುರಕಿದ್ರ ಸಾಲೂದಿಲ್ಲ. ಆ ಕೋರ್ಟಿನ್ಯಾಗ ರಾಣಿ ಸೋಲಬಹುದೇನು? ನಲವತ್ತರಾಗ ಒಬ್ಬನನ್ನ, ಅದೂ ಆಕಿ ಅಪ್ಪನ್ನ ಕೊಂದಾವ ಅಂತ ಆಕಿ ನಂಬಿದಾವನನ್ನ, ಪುರಾವೆ ಇಲ್ಲ ಅಂತ ನ್ಯಾಯಾಧೀಶ ಬಿಟ್ಟು ಕಳಿಸಿದ್ರ, ಹಲ್ಲು ಕಚ್ಚಿ ದಾರಿ ಬಿಡ್ತಾಳೇನು? ಬಿಟ್ರ ಜೈಕಾರ ಹಾಕಸ್ರಿ. ಉಳದವರಾಗ ಹಳ್ಳಿ ಸುಟ್ಟಾವಗ ಮರಣದಂಡನೆ ಆದ್ರೂ ನಿಮ್ಮ ತಂಗಿ ತಕರಾರು ತೆಗಿಲಿಕ್ಕಿಲ್ಲ.

ವಿಜಯಪುರದಿಂದ ಒಬ್ಬ ಸದಸ್ಯ:
ನಲವತ್ತು ಮಂದಿ ಸರದಾರರಿಗೆ, ಅವರ ಸೈನ್ಯಕ್ಕ ರೊಟ್ಟಿ ಹಾಕೋರು ಯಾರ್ರೀ? ಹಳೇ ಕಾಲದಾಗ ಕೊಲ್ಲೂದ ಸಸ್ತಾ ಇತ್ತು.

ಉತ್ತರ:
ಸಸ್ತಾ ಇತ್ತು, ನಿಜ. 1971ರ ಯುದ್ಧದಾಗ ನಮ್ಮ ದೇಶ ಪಾಕಿಸ್ತಾನದ ಸುಮಾರು 93 ಸಾವಿರ ಕೈದಿಗಳಿಗೆ ಉಣ್ಣಾಕ ಹಾಕಿ ಆಮ್ಯಾಲ ತಿರುಗಿ ಕಳಿಸ್ತು. ರೊಕ್ಕದ ಚಿಂತಿ ಇದ್ರ ಅದನ್ನೂ ಕಥಿಯಾಗ ತರ್ರಿ. ಖಜಾನೆಯವ ಬಂದು ರಾಣಿ ಮುಂದ ಗೊಣಗಲಿ, ಛಲೋ ಸೀನ್ ಆಗ್ತದ.

ಪ್ರಶ್ನೆ ಕೇಳಿದಾವ:
ಸಾಹೇಬ್ರ, ಒಂದ ತೊಡಕು. ನಲವತ್ತರಾಗ ಒಬ್ಬ ಮಾಂತ್ರಿಕ ಅದಾನ. ಯಾವ ಸೆರಿಮನಿಯೂ ಅವನ್ನ ಹಿಡಿಯೂದಿಲ್ಲ. ಉಸುರು ಬಿಟ್ರ ಊರು ಸುಡತದ.

ಉತ್ತರ:
ಹಂಗಾದ್ರ ಅವ ಇನ್ನೂ ಶರಣಾಗಿಲ್ಲ, ಕತ್ತಿ ಕೈಯಾಗೇ ಐತಿ. ಅವನ್ನ ಕೊಲ್ಲೂದು ಊರಿನ ರಕ್ಷಣೆ, ಶಿಕ್ಷೆ ಅಲ್ಲ. ಅದಕ್ಕ ಬ್ಯಾರೆ ಅಧ್ಯಾಯ ಮಾಡ್ರಿ. ಬ್ಯಾರೆ ದಾರಿ ಖರೇನ ಇಲ್ಲ ಅಂತ ಮೊದಲು ತೋರಸ್ರಿ, ಉಳದ ಮೂವತ್ತೊಂಬತ್ತು ಮಂದಿಯನ್ನ ಅವನ ನೆವದಾಗ ಸಾಗಹಾಕಬ್ಯಾಡ್ರಿ. ಒಬ್ಬೊಬ್ಬರ ಹೆಸರಿನ ಮುಂದ ಆರೋಪ ಬರದು ಒಂದು ಪಟ್ಟಿ ಮಾಡಿ ಗುಂಪಿನ್ಯಾಗ ಹಾಕ್ರಿ. ಐತವಾರ ಕೋರ್ಟ್ ಇರೂದಿಲ್ಲ, ಕುಂತು ನೋಡ್ತೀನಿ.