ಯಾರ್ಕ್‌ಶೈರ್ ಪುಡ್ಡಿಂಗ್ ಉಬ್ಬುತ್ತಿಲ್ಲ, ಯಾರಾದರೂ ಹೇಳಿಕೊಡುತ್ತೀರಾ?

ಟಿಳಕವಾಡಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಿಂದ ಬರೆಯುತ್ತಿದ್ದೇನೆ. ನನ್ನ ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ, ಸೊಸೆ ಆ ಊರಿನವಳೇ. ಡಿಸೆಂಬರಿನಲ್ಲಿ ಇಬ್ಬರೂ ಬರುತ್ತಿದ್ದಾರೆ. ಅವಳ ಅಜ್ಜಿ ಈ ವರ್ಷ ತೀರಿಕೊಂಡರು. ಭಾನುವಾರ ಬಂತೆಂದರೆ ಅವರು ರೋಸ್ಟ್ ಮಾಡಿದ ಮಾಂಸದ ಜೊತೆ ಯಾರ್ಕ್‌ಶೈರ್ ಪುಡ್ಡಿಂಗ್ ಮಾಡುತ್ತಿದ್ದರಂತೆ. ಹೆಸರು ಪುಡ್ಡಿಂಗ್ ಆದರೂ ಇದು ಸಿಹಿಯಲ್ಲ, ಮೊಟ್ಟೆ, ಮೈದಾ, ಹಾಲಿನ ಹಿಟ್ಟನ್ನು ಓವನ್ನಿನಲ್ಲಿ ಉಬ್ಬಿಸಿ ಬೇಯಿಸುವ ತಿನಿಸು. ಫೋನಿನಲ್ಲಿ ಇದನ್ನು ಹೇಳುತ್ತಾ ಹುಡುಗಿಯ ದನಿ ಸಣ್ಣಗಾಯಿತು. ಮಾಡಿಕೊಡಿ ಅಂತ ಅವಳು ಕೇಳಿಲ್ಲ. ನನಗೇ ಮಾಡಬೇಕು ಅನಿಸಿದೆ.

ಮೂರು ಸಲ ಮಾಡಿದೆ, ಮೂರೂ ಸಲ ಕೆಟ್ಟಿತು. 2 ಮೊಟ್ಟೆ, ಒಂದು ಕಪ್ ಮೈದಾ, ಒಂದು ಕಪ್ ಗಟ್ಟಿ ಹಾಲು, ಉಪ್ಪು. ಖಡೇಬಜಾರಿನಿಂದ ಆರು ಕುಳಿಯ ಅಲ್ಯುಮಿನಿಯಂ ಅಚ್ಚು ತಂದೆ. ಕುಳಿಗೆ ತುಪ್ಪ ಸವರಿ, ಹಿಟ್ಟು ಹೊಯ್ದು, ಓಟಿಜಿಯಲ್ಲಿ (ಮನೆಯ ಸಣ್ಣ ಕರೆಂಟ್ ಓವನ್) 180 ಡಿಗ್ರಿಗೆ ಇಟ್ಟೆ. ನಡುನಡುವೆ ಬಾಗಿಲು ತೆರೆದು ನೋಡುತ್ತಿದ್ದೆ. ಮೇಲೆ ಕೆಂಪಗಾಗುತ್ತದೆ, ಒಳಗೆ ಹಸಿ ಹಿಟ್ಟು ಹಾಗೇ ಇರುತ್ತದೆ. ತಳ ಅಂಟಿಕೊಂಡು ಚಮಚದಿಂದ ಕೆರೆದು ತೆಗೆದೆ. ಎಲ್ಲಿ ತಪ್ಪುತ್ತಿದ್ದೇನೆ?

ವಿಜಯಪುರ ವೈನಿ:

ಅಕ್ಕಾ, ಅರ್ಧ ಚಮಚ ಸೋಡಾ ಹಾಕಿ ನೋಡಿ. ಕೇಕಿಗೆ ನಾನು ಹಾಗೇ ಮಾಡುತ್ತೇನೆ.

ಹಿಂದವಾಡಿ ಅಡುಗೆಮನೆ:

ವೈನಿ, ಇದಕ್ಕೆ ಸೋಡಾ ಬೇಡ. ನಾನು ಶೆಫೀಲ್ಡಿನ ಒಂದು ಪಬ್ಬಿನ ಅಡುಗೆಮನೆಯಲ್ಲಿ ಆರು ವರ್ಷ ಕೆಲಸ ಮಾಡಿದವನು. ಭಾನುವಾರ ಬೆಳಗ್ಗೆಯಿಂದ ಇದೇ ಕೆಲಸ. ಅಲ್ಲಿ ಯಾರೂ ಸೋಡಾ ಮುಟ್ಟುತ್ತಿರಲಿಲ್ಲ.

ಪೂರಿ ಹೇಗೆ ಉಬ್ಬುತ್ತದೆಯೋ ಇದೂ ಹಾಗೇ. ಹಿಟ್ಟಿನಲ್ಲಿರುವ ನೀರು ಒಮ್ಮೆಲೇ ಆವಿಯಾಗಿ ಹಿಟ್ಟನ್ನು ಮೇಲೆತ್ತುತ್ತದೆ. ಆಮೇಲೆ ಮೊಟ್ಟೆ ಬೆಂದು ಅದನ್ನು ಹಾಗೇ ಗಟ್ಟಿಯಾಗಿ ನಿಲ್ಲಿಸುತ್ತದೆ. ಒಮ್ಮೆಲೇ ಆವಿಯಾಗಬೇಕು ಅಂದರೆ ಜೋರು ಕಾವು ಬೇಕು. ಅಕ್ಕಾ, ಕಲ್ಲು ಕಾಯದೆ ನೀವು ಪಡ್ಡಿನ ಹಿಟ್ಟು ಹೊಯ್ಯುತ್ತೀರಾ? ಇಲ್ಲಿ ಹಾಗೇ ಆಗಿದೆ. ನಿಮ್ಮ ಅಚ್ಚೂ ತಣ್ಣಗಿತ್ತು, ತುಪ್ಪವೂ ತಣ್ಣಗಿತ್ತು. ಅಂಟಿಕೊಂಡಿದ್ದೂ ಅದಕ್ಕೇ.

ಆರು ಕುಳಿಗೆ 3 ಮೊಟ್ಟೆ ತೊಗೊಳ್ಳಿ. ಕಪ್ ಲೆಕ್ಕ ಬಿಟ್ಟುಬಿಡಿ, ನಮ್ಮ ಮೊಟ್ಟೆ ಅಲ್ಲಿಯದಕ್ಕಿಂತ ಸಣ್ಣದು. ಮೊಟ್ಟೆ ಒಡೆದು ಒಂದು ಗ್ಲಾಸಿಗೆ ಹಾಕಿ, ಎಲ್ಲಿಯವರೆಗೆ ಬಂತು ನೋಡಿ. ಅಷ್ಟೇ ಎತ್ತರಕ್ಕೆ ಮೈದಾ, ಅಷ್ಟೇ ಎತ್ತರಕ್ಕೆ ಹಾಲು. ಹಾಲು ಗಟ್ಟಿಯಾಗಿದ್ದರೆ ಅದರಲ್ಲಿ ಕಾಲು ಭಾಗ ನೀರು ಬೆರೆಸಿ, ಗರಿಗರಿ ಬರುತ್ತದೆ. ಗಂಟಿಲ್ಲದ ಹಾಗೆ ಕಲಸಿ ಅರ್ಧ ಗಂಟೆ ಬಿಡಿ. ಹುಳಿ ಬರಿಸಬೇಕಿಲ್ಲ.

ಓಟಿಜಿಯ ಎರಡೂ ರಾಡ್ ಹಾಕಿ 230 ಡಿಗ್ರಿಗೆ ಚೆನ್ನಾಗಿ ಕಾಯಿಸಿ. ಪ್ರತಿ ಕುಳಿಗೆ ಒಂದು ಸಣ್ಣ ಚಮಚ ಸೂರ್ಯಕಾಂತಿ ಎಣ್ಣೆ ಹಾಕಿ, ಖಾಲಿ ಅಚ್ಚನ್ನು ಹತ್ತು ನಿಮಿಷ ಒಳಗಿಡಿ. ಅಲ್ಲಿ ದನದ ಮಾಂಸ ರೋಸ್ಟ್ ಮಾಡುವಾಗ ಇಳಿದ ಕೊಬ್ಬನ್ನೇ ಹಾಕುತ್ತಾರೆ. ನೀವು ಮಟನ್ ರೋಸ್ಟ್ ಮಾಡಿದರೆ ಅದರ ಕೊಬ್ಬು ಹಾಕಿ, ರುಚಿಯೇ ಬೇರೆ. ಎಣ್ಣೆಯಿಂದ ಸಣ್ಣಗೆ ಹೊಗೆ ಏಳುವಾಗ ಹಿಟ್ಟು ಹೊಯ್ಯಿರಿ, ಅರ್ಧ ಕುಳಿ ಮಾತ್ರ. ಬಿದ್ದ ಕೂಡಲೇ ಚುಂಯ್ ಅನ್ನಬೇಕು. ಅನ್ನಲಿಲ್ಲ ಅಂದರೆ ನಿಲ್ಲಿಸಿ, ಅಚ್ಚನ್ನು ಮತ್ತೆ ಕಾಯಿಸಿ.

ಆಮೇಲೆ 20 ನಿಮಿಷ ಬಾಗಿಲು ಮುಟ್ಟಬೇಡಿ. ಗೋಡೆ ಇನ್ನೂ ಮೆತ್ತಗಿರುವಾಗ ತಣ್ಣನೆ ಗಾಳಿ ಹೊಕ್ಕರೆ ಕುಸಿದು ಕೂರುತ್ತದೆ.

2008ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯವರು 4 ಇಂಚು ಎತ್ತರ ಇಲ್ಲದಿದ್ದರೆ ಅದು ಯಾರ್ಕ್‌ಶೈರ್ ಪುಡ್ಡಿಂಗೇ ಅಲ್ಲ ಅಂದರು. ಅದಕ್ಕೆ ಹೆದರಬೇಡಿ. ಮೊದಲೆಲ್ಲ ಬೆಂಕಿಯ ಮುಂದೆ ತಿರುಗುವ ಮಾಂಸದ ಕೆಳಗೆ ತಟ್ಟೆ ಇಟ್ಟು, ತೊಟ್ಟಿಕ್ಕುವ ಕೊಬ್ಬಿನಲ್ಲಿ ಇದನ್ನು ಬೇಯಿಸುತ್ತಿದ್ದರು. ಆಗ ಅದು ಚಪ್ಪಟೆಯಾಗಿಯೇ ಇರುತ್ತಿತ್ತು. ಮಾಂಸ ತುಟ್ಟಿ ಅಲ್ವಾ, ಅದಕ್ಕೆ ಯಾರ್ಕ್‌ಶೈರಿನ ಮನೆಗಳಲ್ಲಿ ಮೊದಲು ಪುಡ್ಡಿಂಗ್, ಗ್ರೇವಿ ಬಡಿಸಿ ಹೊಟ್ಟೆ ಅರ್ಧ ತುಂಬಿಸುತ್ತಿದ್ದರು. ನಿಮ್ಮ ಸೊಸೆಯ ಅಜ್ಜಿ ಮೊದಲೇ ಬಡಿಸುತ್ತಿದ್ದರಾ, ರೋಸ್ಟ್ ಜೊತೆಗಾ? ಅದೊಂದು ಕೇಳಿಕೊಳ್ಳಿ.

ಗೋಕಾಕ ಹುಡುಗ:

ಅಚ್ಚನ್ನು ಕೆಳಗಿನ ಜಾಲರಿಯಲ್ಲಿಡಿ ಅಕ್ಕಾ. ಸಣ್ಣ ಓಟಿಜಿಯಲ್ಲಿ ಉಬ್ಬಿದ್ದು ಮೇಲಿನ ರಾಡಿಗೆ ತಾಗಿ ಸುಡುತ್ತದೆ. ನನಗೆ ಹಾಗೇ ಆಗಿತ್ತು.

ಟಿಳಕವಾಡಿ ಅಮ್ಮ:

ಇವತ್ತು ಮಾಡಿದೆ! ಮೊದಲ ಕುಳಿಗೆ ಹೊಯ್ದಾಗಲೇ ಚುಂಯ್ ಅಂತು, ಅಂಚು ಆಗಲೇ ಬೆಳ್ಳಗೆ ಬೆಂದು ಗೋಡೆ ಹಿಡಿಯಿತು. ಬಾಗಿಲು ಮುಟ್ಟಲಿಲ್ಲ, ಸ್ಟೂಲು ಹಾಕಿಕೊಂಡು ಗಾಜಿನ ಮುಂದೆ ಕೂತೆ. ಎಂಟು ನಿಮಿಷ ಏನೂ ಇಲ್ಲ. ಆಮೇಲೆ ಒಂದೊಂದೇ ಅಂಚು ಮೇಲೆ ಏರತೊಡಗಿತು, ಒಂದು ಮಾತ್ರ ಒಂದು ಕಡೆ ವಾಲಿತು. ಅಚ್ಚು ಬೋರಲು ಹಾಕಿದರೆ ಆರೂ ತಾವಾಗಿಯೇ ಬಿದ್ದವು. ಅಳತೆ ಪಟ್ಟಿ ಇಟ್ಟು ನೋಡಿದೆ, 3 ಇಂಚು ಇದೆ.

ಫೋಟೋ ಕಳಿಸಿದ ಕೂಡಲೇ ಸೊಸೆ ಫೋನ್ ಮಾಡಿದಳು. ನಡುವೆ ಗುಂಡಿ ಇದೆಯಾ ಅಂತ ಕೇಳಿದಳು. ಇದೆ ಅಂದೆ. ಅಜ್ಜಿ ಆ ಗುಂಡಿಯಲ್ಲೇ ಗ್ರೇವಿ ತುಂಬಿ ಎಲ್ಲರಿಗಿಂತ ಮೊದಲು ಇವಳಿಗೆ ಕೊಡುತ್ತಿದ್ದರಂತೆ, ರೋಸ್ಟ್ ಬರುವ ಮುಂಚೆ. ಸ್ವಲ್ಪ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ.

ಹಿಂದವಾಡಿ ತಮ್ಮಾ, ಈಗ ಗ್ರೇವಿ ಕಲಿಯಬೇಕು. ಮಟನ್ ರೋಸ್ಟಿನಿಂದ ಇಳಿದ ರಸಕ್ಕೆ ಮೈದಾ ಎಷ್ಟು ಹಾಕಲಿ?