4,800 ರೂಪಾಯಿ ಉಲ್ಕಾಶಿಲೆ: ಅಸಲಿಯೋ ನಕಲಿಯೋ? ಅರ್ಜೆಂಟ್

ತೀರ್ಥಹಳ್ಳಿ_ತುಂಗೆ:
ತಲೆ ಕೆಟ್ಟುಹೋಗಿದೆ. ಮೊದಲ ಸಲ ಆನ್‌ಲೈನಲ್ಲಿ ಉಲ್ಕಾಶಿಲೆ ತರಿಸಿದ್ದು. ಮ್ಯಾಗ್ನೆಟ್ ಅಂಟುತ್ತೆ, ಕಪ್ಪಗಿದೆ, ಹಾಲೊಗ್ರಾಂ ಇರೋ ಸರ್ಟಿಫಿಕೇಟೂ ಬಂದಿದೆ. ಆದ್ರೂ ಎಂತದೋ ಸರಿ ಇಲ್ಲ ಅನ್ನಿಸ್ತಿದೆ. ಫೋಟೋ ಹಾಕಿದೀನಿ, ಒಂದೇ ಮಾತಲ್ಲಿ ಹೇಳಿ.

ಭದ್ರಾವತಿ_ಬಾಯ್ಲರ್:
ನೋಡಿದ ಕೂಡ್ಲೇ ಗೊತ್ತಾಯ್ತು. ಕಿಟ್ಟ. ಕಬ್ಬಿಣ ಕರಗಿಸಿದಾಗ ಉಳಿಯೋ ಕಸ. ನಮ್ಮೂರಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದಾಗಿಂದ ಇಂಥದ್ದಕ್ಕೆ ಬರ ಇಲ್ಲ. ಚಿಕ್ಕವರಿದ್ದಾಗ ಸ್ಟಂಪಿಗೆ ಒತ್ತು ಕೊಡ್ತಿದ್ದಿದ್ದೇ ಇದನ್ನ.

ಕಲ್ಲುಕುಟಿಗ:
ಫೋಟೋ ಮಸುಕು, ಪಕ್ಕದಲ್ಲೊಂದು ನಾಣ್ಯವೂ ಇಲ್ಲ. ತೂಕ ಎಷ್ಟು? ಯಾವ ಉಲ್ಕೆ ಅಂತ ಮಾರಿದ್ದು?

ತೀರ್ಥಹಳ್ಳಿ_ತುಂಗೆ:
ಓ, ಅದು ಹೇಳ್ಲಿಲ್ವಾ. ಸಿಖೋಟೆ-ಅಲಿನ್. 212 ಗ್ರಾಂ.

ಕಲ್ಲುಕುಟಿಗ:
ಅದನ್ನ ಮೊದ್ಲೇ ಹೇಳೋದಲ್ವಾ ಮಾರಾಯ್ರೆ! 1947ರ ಫೆಬ್ರವರಿ 12ಕ್ಕೆ ರಷ್ಯಾದ ಪೂರ್ವದ ತುದೀಲಿ ಬಿದ್ದ ಕಬ್ಬಿಣದ ಉಲ್ಕೆ ಅದು. ಹಸಿ ಮಣ್ಣಿಗೆ ಹೆಬ್ಬೆರಳು ಒತ್ತಿದ ಹಾಗೆ ಗುಳಿ ಇರ್ಬೇಕು, ಇಲ್ಲಾ ಬಾಂಬಿನ ಚೂರಿನ ಥರ ಹರಿದ ಅಂಚಿರ್ಬೇಕು. ನಿಮ್ಮದರಲ್ಲಿ ಎರಡೂ ಕಾಣ್ತಿಲ್ಲ. ಉಲ್ಕೆಗಳ ಅಧಿಕೃತ ಪಟ್ಟಿ ಮೀಟಿಯೊರಿಟಿಕಲ್ ಬುಲೆಟಿನ್‌ನಲ್ಲಿ ಆ ಹೆಸರೇನೋ ಇದೆ. ಹೆಸರು ಅಸಲಿ ಆದ್ರೆ ಕಲ್ಲೂ ಅಸಲಿ ಆಗ್ಬೇಕಂತಿಲ್ಲ. ಸರ್ಟಿಫಿಕೇಟ್ ಬಿಡಿ, ಪ್ರಿಂಟರ್ ಇದ್ದವರೆಲ್ಲ ಮಾಡ್ತಾರೆ.

ಭದ್ರಾವತಿ_ಬಾಯ್ಲರ್:
ಅದೇ ಅಂದೆ. ಕಿಟ್ಟ.

ಆಗುಂಬೆ_ಮಳೆ:
ಕಿಟ್ಟದಲ್ಲಿ ಗುಳ್ಳೆತೂತು ಇರುತ್ತೆ ಸಾರ್, ಇದು ನುಣ್ಣಗಿದೆ. ತುಂಗೆಯವ್ರೇ, ಸ್ಪೀಕರ್ ಮ್ಯಾಗ್ನೆಟ್ ಹಚ್ಚಿಲ್ಲ ತಾನೆ? ಬಲವಾದ ಮ್ಯಾಗ್ನೆಟ್ ತಾಗಿದ್ರೆ ಕಲ್ಲಿನೊಳಗಿನ ಹಳೇ ಕಾಂತದ ಗುರುತು ಅಳಿಸಿಹೋಗುತ್ತೆ.

ಭದ್ರಾವತಿ_ಬಾಯ್ಲರ್:
4,800ರ ಕಲ್ಲಿನ ಗುರುತು ಓದೋಕೆ ಯಾವ ವಿಜ್ಞಾನಿ ಬರ್ತಾನ್ರೀ?

ಆಗುಂಬೆ_ಮಳೆ:
ಬರ್ದೇ ಇರ್ಲಿ. ನಾನಂತೂ ದಾರಕ್ಕೆ ಕಟ್ಟಿದ ಫ್ರಿಜ್ ಮ್ಯಾಗ್ನೆಟ್ ಬಿಟ್ಟು ಬೇರೆ ಮುಟ್ಟಿಸಲ್ಲ.

ಕಲ್ಲುಕುಟಿಗ:
ಜಗಳ ಆಮೇಲೆ. ತುಂಗೆಯವ್ರೇ, ಅಡುಗೆಮನೆ ತಕ್ಕಡಿ ಮೇಲೆ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ಕಲ್ಲನ್ನ ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ. ತಳಕ್ಕೆ, ಪಕ್ಕಕ್ಕೆ ತಾಗಬಾರ್ದು. ಈಗ ಎಷ್ಟು ಗ್ರಾಂ ತೋರಿಸುತ್ತೋ ಅದರಿಂದ 212ನ್ನ ಭಾಗಿಸಿ, ಕಲ್ಲು ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಸಿಗುತ್ತೆ. ಕಬ್ಬಿಣದ ಉಲ್ಕೆ ಆದ್ರೆ 7.5ರ ಮೇಲೆ, ಎಂಟರ ಹತ್ತಿರ ಬರ್ಬೇಕು. ಕಿಟ್ಟ ಸಾಮಾನ್ಯವಾಗಿ ಮೂರರ ಆಚೀಚೆ. ಆಮೇಲೆ ಉಪ್ಪಿನಕಾಯಿ ಜಾಡಿ ತಳದಲ್ಲಿ ಹೊಳಪಿಲ್ಲದ ಅಂಚಿರುತ್ತಲ್ಲ, ಅದಕ್ಕೆ ಗೀರಿ. ಕೆಮ್ಮಣ್ಣಿನ ಬಣ್ಣದ ಗೆರೆ ಬಂದ್ರೆ ಹೆಮಟೈಟ್, ಕರಿ ಗೆರೆ ಬಂದ್ರೆ ಮ್ಯಾಗ್ನೆಟೈಟ್, ಎರಡೂ ಕಬ್ಬಿಣದ ಅದಿರು.

ತೀರ್ಥಹಳ್ಳಿ_ತುಂಗೆ:
41 ಗ್ರಾಂ ತೋರಿಸ್ತು. ಅಂದ್ರೆ 5.17. ಗೆರೆ ಪೆನ್ಸಿಲಲ್ಲಿ ಎಳೆದಷ್ಟು ಕಪ್ಪು. ಜಾಡಿ ಯಾಕೆ ಖಾಲಿ ಮಾಡಿದೆ ಅಂತ ಅಮ್ಮ ಬೈತಿದಾರೆ.

ಕಲ್ಲುಕುಟಿಗ:
ಮ್ಯಾಗ್ನೆಟೈಟ್. ಭೂಮೀದೇ ಅದಿರು. ಮ್ಯಾಗ್ನೆಟ್ ಅಂಟಿದ್ದೂ ಅದಕ್ಕೇ. ಅರದಲ್ಲಿ ಒಂದು ಮೂಲೆ ಉಜ್ಜಿದ್ರೆ ಇನ್ನೂ ಖಾತ್ರಿ ಆಗುತ್ತೆ, ಉಲ್ಕೆ ಆಗಿದ್ರೆ ಒಳಗೆ ಬೆಳ್ಳಿ ಥರ ಹೊಳೀಬೇಕು. ಆದ್ರೆ ವಾಪಸ್ ಮಾಡೋದಿದ್ರೆ ಉಜ್ಜಬೇಡಿ.

ತೀರ್ಥಹಳ್ಳಿ_ತುಂಗೆ:
ಉಜ್ಜಿದ್ದಾಯ್ತು. ಬಂದ ದಿನವೇ, ಕತ್ತಿ ಮಸೆಯೋ ಅರದಲ್ಲಿ. ಬರೀ ಕರಿಪುಡಿ ಬಂತು.

ಆಗುಂಬೆ_ಮಳೆ:
ಇದನ್ನ ಈಗ ಹೇಳ್ತಿದೀರಾ!!

ತೀರ್ಥಹಳ್ಳಿ_ತುಂಗೆ:
ನೀವ್ಯಾರೂ ಕೇಳ್ಲಿಲ್ವಲ್ಲ. ಮಾರಿದವ್ರು ‘ನೀವೇ ಹಾಳು ಮಾಡಿದೀರಿ, ದುಡ್ಡು ವಾಪಸ್ ಇಲ್ಲ, ಬೇಕಾದ್ರೆ ಬದಲಿಗೆ ಮೊಲ್ಡವೈಟ್ ಕೊಡ್ತೀವಿ’ ಅಂತಿದಾರೆ. ತಗೊಳ್ಲಾ?

ಕಲ್ಲುಕುಟಿಗ:
ಬೇಡ. ಮೊಲ್ಡವೈಟ್ ಉಲ್ಕೆಯೇ ಅಲ್ಲ. ಸುಮಾರು ಒಂದೂವರೆ ಕೋಟಿ ವರ್ಷದ ಹಿಂದೆ ಈಗಿನ ಜರ್ಮನಿಯಲ್ಲಿ ಉಲ್ಕೆ ಅಪ್ಪಳಿಸಿದಾಗ ಭೂಮಿಯ ಮಣ್ಣುಕಲ್ಲೇ ಕರಗಿ ಸಿಡಿದು ಆದ ಹಸಿರು ಗಾಜು. ಅದರ ನಕಲಿ ಇನ್ನೂ ಸುಲಭ, ಅಚ್ಚಿಗೆ ಹೊಯ್ದ ಗಾಜು. ಉಜ್ಜಿದ ವಿಷಯಕ್ಕೆ ವಾದ ಮಾಡ್ಬೇಡಿ. ಜಾಹೀರಾತಿನ ಫೋಟೋದಲ್ಲಿ ಗುಳಿ ಇತ್ತಾ?

ತೀರ್ಥಹಳ್ಳಿ_ತುಂಗೆ:
ಇತ್ತು. ಚೆನ್ನಾಗಿ ಕಾಣ್ತಿತ್ತು.

ಕಲ್ಲುಕುಟಿಗ:
ಹಾಗಾದ್ರೆ ಆ ಸ್ಕ್ರೀನ್‌ಶಾಟ್, ಈ ಕಲ್ಲಿನ ಫೋಟೋ, ತಕ್ಕಡಿ ಲೆಕ್ಕ ಮೂರೂ ಸೇರಿಸಿ ‘ತೋರಿಸಿದ ವಸ್ತು ಬೇರೆ, ಕಳಿಸಿದ್ದು ಬೇರೆ’ ಅಂತ ಇವತ್ತೇ ಕಂಪ್ಲೇಂಟ್ ಹಾಕಿ.

ಆಗುಂಬೆ_ಮಳೆ:
ಮುಂದಿನ ಸಲ ಅಸಲಿ ಬಂದ್ರೆ ಹೊರಗಿಡಬೇಡಿ, ನಮ್ಮ ಮಳೆಗಾಲಕ್ಕೆ ಒಂದೇ ವಾರದಲ್ಲಿ ತುಕ್ಕು. ನನ್ನ ಹತ್ರ ಇರೋ ಕಬ್ಬಿಣದ ಉಲ್ಕೆ, ಕಾಂಪೊ ಡೆಲ್ ಸಿಯೆಲೊ, ಕ್ಯಾಮೆರಾದ ಡ್ರೈ ಕ್ಯಾಬಿನೆಟ್‌ನಲ್ಲಿದೆ, ತೇವ 35% ದಾಟಲ್ಲ. ಸಿಲಿಕಾ ಜೆಲ್ ಬೇರೆ. ಫೋಟೋ ನೋಡಿ, ಒಳಗೆ ಲೈಟೂ ಹಾಕ್ಸಿದೀನಿ.

ಭದ್ರಾವತಿ_ಬಾಯ್ಲರ್:
ಕ್ಯಾಬಿನೆಟ್ ಎಷ್ಟಾಯ್ತು? ತುಂಗೆಯವ್ರೇ, ಒಂದು ಚೂರು ಕಳ್ಸಿ. ನಂಗಿನ್ನೂ ಕಿಟ್ಟ ಅಂತ್ಲೇ.